ಅಮ್ಮನ ಬಟ್ಟೆ ತೊಟ್ಟು ತೆಗೆದ ಫೋಟೋಗಳು

ಫೋಟೋ, ಸಿನಿಮಾ, ಸಂಗೀತ ಎಲ್ಲದರಲ್ಲೂ ಕೆಲಸ ಮಾಡುವ ಆಫ್ರಿಕಾದ ಹೊಸ ತಲೆಮಾರಿನ ಕಲಾವಿದರಲ್ಲಿ ಯಾರಿಂದ ನೋಡಲು ಶುರು ಮಾಡಲಿ ಎಂದು ಕೇಳಿದ್ದೀರಿ. ನಾನಾಗಿದ್ದರೆ ದಕ್ಷಿಣ ಆಫ್ರಿಕಾದ ಲೆಬೊಹಾಂಗ್ ಖಾನ್ಯೆ ಅವರಿಂದ ಶುರು ಮಾಡುತ್ತೇನೆ.

ಖಾನ್ಯೆ 1990ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ಹುಟ್ಟಿದವರು. ಅಮ್ಮ ತೀರಿಕೊಂಡ ಮೇಲೆ ಮನೆಯ ಹಳೇ ಆಲ್ಬಂ ತೆಗೆದು ಕೂತರು. ಫೋಟೋದಲ್ಲಿ ಅಮ್ಮ ಹಾಕಿದ್ದ ಬಟ್ಟೆಗಳಲ್ಲಿ ಎಷ್ಟೋ ಮನೆಯಲ್ಲೇ ಇದ್ದವು. ಅವನ್ನೇ ತೊಟ್ಟು, ಅಮ್ಮ ನಿಂತ ಹಾಗೇ ನಿಂತು ಫೋಟೋ ತೆಗೆಸಿಕೊಂಡರು. ಆಮೇಲೆ ಎರಡನ್ನೂ ಒಂದರ ಮೇಲೊಂದು ಕೂಡಿಸಿದರು. ಅಮ್ಮನ ಪಕ್ಕದಲ್ಲಿ ಮಗಳು ತೆಳ್ಳಗೆ, ಆರಪಾರ ಕಾಣುವ ಹಾಗೆ ನಿಂತಿರುತ್ತಾಳೆ. ಉಲ್ಟಾ ಇರಬೇಕಿತ್ತು ಅಲ್ವಾ? ಇಲ್ಲದವಳು ಅಮ್ಮ ತಾನೇ. ಮೊದಲ ಸಲ ನೋಡಿದಾಗ ನನಗೆ ಗಂಟಲು ಕಟ್ಟಿತು. 2013ರ ಈ ಸರಣಿಯನ್ನು ಸುಮ್ನೆ ಸ್ಕ್ರೋಲ್ ಮಾಡಬೇಡಿ, ಒಂದೊಂದನ್ನೇ ನಿಧಾನವಾಗಿ ನೋಡಿ. ಮುಂದೆ ಅವರು ಮನೆಯವರ ಫೋಟೋಗಳನ್ನೇ ಕತ್ತರಿಸಿ ನಿಲ್ಲಿಸಿ, ಬೆಳಕು ನೆರಳು ಆಡಿಸಿ ಅನಿಮೇಷನ್ ಸಿನಿಮಾ ಮಾಡಿದರು. 2024ರಲ್ಲಿ ಡಾಯ್ಚ ಬೋರ್ಸ ಫೋಟೋಗ್ರಫಿ ಪ್ರಶಸ್ತಿಯೂ ಬಂತು.

ಸಂಗೀತದ ಕಡೆಗೆ ಬಂದರೆ ಬಲೋಜಿ. 1978ರಲ್ಲಿ ಕಾಂಗೋದ ಲುಬುಂಬಾಶಿಯಲ್ಲಿ ಹುಟ್ಟಿ ಬೆಲ್ಜಿಯಂನಲ್ಲಿ ಬೆಳೆದ ರ‍್ಯಾಪರ್. ನೀವು ಕೇಳಿದ ಹೊಸ ತಲೆಮಾರಿಗಿಂತ ವಯಸ್ಸಿನಲ್ಲಿ ಸ್ವಲ್ಪ ದೊಡ್ಡವರು, ಆದರೂ ಬಿಡಬೇಡಿ. ಅವರ ಮೊದಲ ಪೂರ್ಣಾವಧಿ ಸಿನಿಮಾಕ್ಕೆ 2023ರ ಕಾನ್ ಚಿತ್ರೋತ್ಸವದಲ್ಲಿ ಬಹುಮಾನ ಸಿಕ್ಕಿತು. ಅದರ ನಾಲ್ಕು ಪಾತ್ರಗಳಿಗೆ ಒಂದೊಂದರಂತೆ ನಾಲ್ಕು ಆಲ್ಬಂ ಮಾಡಿದ್ದಾರೆ! ಮೊದಲು ಸಿನಿಮಾ ನೋಡಿ, ಆಮೇಲೆ ಹಾಡು ಕೇಳಿ.