ಸಂಪಾದಕರ ಉತ್ತರ: ಮಗನ ಸೈಕಲ್ಲಿಗೆ ಮೂರೂಮುಕ್ಕಾಲು ಲಕ್ಷ

ದಾವಣಗೆರೆಯ ವಿದ್ಯಾನಗರದಿಂದ ನಿವೃತ್ತ ನೌಕರರೊಬ್ಬರು ಬರೆದಿದ್ದಾರೆ. ಮಗನೂ ಈ ಪತ್ರಿಕೆ ಓದುತ್ತಾನಾದ್ದರಿಂದ ಹೆಸರು ಹಾಕಬೇಡಿ ಎಂದಿದ್ದಾರೆ.

“ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುವ ನನ್ನ ಮಗ ಮೂರೂಮುಕ್ಕಾಲು ಲಕ್ಷ ರೂಪಾಯಿ ಕೊಟ್ಟು ಸೈಕಲ್ ತಂದಿದ್ದಾನೆ. ಅದಕ್ಕೆ ಸ್ಟ್ಯಾಂಡ್ ಇಲ್ಲ, ಕ್ಯಾರಿಯರ್ ಇಲ್ಲ, ಮಡ್‌ಗಾರ್ಡ್ ಇಲ್ಲ. ರಾತ್ರಿ ಮಲಗುವ ಕೋಣೆಯ ಗೋಡೆಗೇ ಒರಗಿಸಿಕೊಳ್ಳುತ್ತಾನೆ. ಸೋಮವಾರ ದೇವಸ್ಥಾನಕ್ಕೆ ಹೋಗಿಬರುವುದನ್ನು ಬಿಟ್ಟರೆ ಮನೆಯ ಕಾರು ನಿಂತೇ ಇರುತ್ತದೆ. ಅದನ್ನು ಬಿಟ್ಟು ಇವನು ಭಾನುವಾರ ನಸುಕಿನಲ್ಲೆದ್ದು ಚಿತ್ರದುರ್ಗಕ್ಕೆ ಸೈಕಲ್ ತುಳಿಯುತ್ತಾನೆ. ನಾನು ಇಪ್ಪತ್ತೆಂಟು ವರ್ಷ ಒಂದೇ ಸೈಕಲ್ಲಿನಲ್ಲಿ ಕಚೇರಿಗೆ ಹೋದವನು. ಹೀಗೆ ದುಡ್ಡು ಸುರಿಯುವುದು ಸರಿಯೇ? ಕೊನೇಪಕ್ಷ ಅದಕ್ಕೊಂದು ಸ್ಟ್ಯಾಂಡನ್ನಾದರೂ ಹಾಕಿಸಬಹುದೇ?”

ಮಾನ್ಯರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಓದಿಗೆ ಸೈಕಲ್ ಕಣ್ಣಿಗೆ ಬಿತ್ತು, ಎರಡನೆಯ ಓದಿಗೆ ಕಾರು. ಸೈಕಲ್ಲಿನ ಬೆಲೆಯನ್ನು ಕಾಲುಭಾಗದವರೆಗೂ ಲೆಕ್ಕವಿಟ್ಟು ಬರೆದ ನೀವು, ವಾರಕ್ಕೊಮ್ಮೆ ದೇವರ ದರ್ಶನ ಮಾಡಿಸುವ ಆ ಕಾರಿಗೆ ಎಷ್ಟು ಕೊಟ್ಟಿರೆಂಬುದನ್ನು ಬರೆದಿಲ್ಲ. ಬರೆಯಬೇಕೆಂದು ನಿಮಗೆ ತೋಚಿಯೂ ಇರಲಾರದು. ಇದು ನಿಮ್ಮೊಬ್ಬರ ತಪ್ಪಲ್ಲ. ನಮ್ಮೂರಿನಲ್ಲಿ ಕಾರಿನ ಬೆಲೆಯನ್ನು ಕೇಳಿದವರು ಮೆಚ್ಚಿ ತಲೆದೂಗುತ್ತಾರೆ, ಸೈಕಲ್ಲಿನ ಬೆಲೆಯನ್ನು ಕೇಳಿದವರು ಹುಬ್ಬೇರಿಸುತ್ತಾರೆ.

ನಿಮ್ಮ ಮಾತಿನಲ್ಲಿ ಹುರುಳಿಲ್ಲವೆನ್ನಲಾರೆ. ಸಾಲ ಮಾಡಿ ಕಂತು ಕಟ್ಟುವ ಕರಾರಿನ ಮೇಲೆ ತಂದಿದ್ದರೆ ನಾನು ಪೂರ್ತಿ ನಿಮ್ಮ ಪರ. ಲೆಕ್ಕವೂ ಒಂದು ಮಟ್ಟದ ನಂತರ ನಿಮ್ಮ ಕಡೆಗೇ ವಾಲುತ್ತದೆ. ನಿಮ್ಮ ಹಳೆಯ ಕಬ್ಬಿಣದ ಸೈಕಲ್ ಸುಮಾರು 20 ಕಿಲೋ ತೂಗುತ್ತಿದ್ದಿರಬೇಕು, ಮಗನದು 8 ಕಿಲೋ ಎನ್ನೋಣ. 70 ಕಿಲೋ ತೂಗುವ ಆಳು ಹತ್ತಿದಾಗ 90 ಇದ್ದ ಭಾರ 78ಕ್ಕೆ ಇಳಿಯುತ್ತದೆ. ಏರಿನಲ್ಲಿ ಇದು ಮೊಣಕಾಲಿಗೆ ಚೆನ್ನಾಗಿಯೇ ಗೊತ್ತಾಗುವ ವ್ಯತ್ಯಾಸ. ಆದರೆ ಆ ಎಂಟನ್ನು ಏಳು ಮಾಡುವ ಆಸೆಗೆ ಮತ್ತಷ್ಟು ಲಕ್ಷ ಸುರಿದರೆ ಒಟ್ಟು ಭಾರದಲ್ಲಿ ಉಳಿಯುವುದು ನೂರಕ್ಕೆ ಒಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೆ. ರಾತ್ರಿಯೂಟದಲ್ಲಿ ಕೆಲವು ವಾರ ಅರ್ಧ ಮುದ್ದೆ ಬಿಟ್ಟರೆ ಅದು ಖರ್ಚಿಲ್ಲದೆಯೇ ಸಿಗುತ್ತದೆ. ಸೈಕಲ್ ಸ್ಪರ್ಧೆಗಳ ಜಾಗತಿಕ ಸಂಸ್ಥೆಯಾದ ಯುಸಿಐ ಕೂಡ ಸ್ಪರ್ಧೆಯ ಸೈಕಲ್ 6.8 ಕಿಲೋಗಿಂತ ಹಗುರವಾಗಿರಕೂಡದೆಂದು 2000ದಲ್ಲಿ ಗೆರೆ ಎಳೆದಿದೆ. ಮಗ ಮುಂದಿನ ವರ್ಷ ಇದನ್ನು ಮಾರಿ ಇನ್ನೂ ಹಗುರವಾದದ್ದು ಬೇಕೆಂದರೆ ಈ ಲೆಕ್ಕವನ್ನು ಅವನ ಮುಂದಿಡಿ.

ಅಗ್ಗದ ಸೈಕಲ್ಲಿನ ಪರ ವಾದಿಸುವವರು ಗ್ರೇಮ್ ಓಬ್ರೀಯ ಕಥೆಯನ್ನು ತಪ್ಪದೆ ಹೇಳುತ್ತಾರೆ. ಸ್ಕಾಟ್ಲೆಂಡಿನ ಈತ ತಾನೇ ಕೈಯಾರೆ ಕಟ್ಟಿದ, ಬಟ್ಟೆ ಒಗೆಯುವ ಯಂತ್ರದ ಬೇರಿಂಗ್ ಕೂರಿಸಿದ ಸೈಕಲ್ಲಿನಲ್ಲಿ 1993ರ ಜುಲೈ 17ರಂದು ಒಂದು ಗಂಟೆಯಲ್ಲಿ 51.596 ಕಿ.ಮೀ. ತುಳಿದು ವಿಶ್ವದಾಖಲೆ ಮಾಡಿದ. ಕೇಳಲು ರೋಮಾಂಚನವಾಗುವ ಸಂಗತಿ, ನಾನೂ ಹಲವರಿಗೆ ಹೇಳಿದ್ದೇನೆ. ಆದರೆ ಕಥೆ ಹೇಳುವವರು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಸರಿಯಾಗಿ ಆರು ದಿನಕ್ಕೆ ಇಂಗ್ಲೆಂಡಿನ ಕ್ರಿಸ್ ಬೋರ್ಡ್‌ಮನ್ ಕಾರ್ಬನ್ ಎಳೆಯಿಂದ ಮಾಡಿದ ಸೈಕಲ್ ಹತ್ತಿ 52.270 ಕಿ.ಮೀ. ತುಳಿದು ಆ ದಾಖಲೆಯನ್ನು ಮುರಿದ.

ಸ್ಟ್ಯಾಂಡು, ಕ್ಯಾರಿಯರು, ಮಡ್‌ಗಾರ್ಡು ಇಲ್ಲವೆಂದು ನೀವು ಬೇಸರಿಸಿದ್ದೀರಿ. ದುಡ್ಡು ಹೋಗಿರುವುದು ಬೇರೆ ಕಡೆ. ಸಮತಟ್ಟಾದ ರಸ್ತೆಯಲ್ಲಿ ವೇಗವಾಗಿ ಸೈಕಲ್ ತುಳಿಯುವವನು ಮುಖ್ಯವಾಗಿ ಸೆಣಸುವುದು ಗಾಳಿಯೊಂದಿಗೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ, ಮತ್ತು ಆ ತಡೆಯ ದೊಡ್ಡ ಪಾಲು ಬೀಳುವುದು ಸೈಕಲ್ಲಿನ ಮೇಲಲ್ಲ, ತುಳಿಯುವವನ ಎದೆಯ ಮೇಲೆ. ಬಾಗಿದ ಹ್ಯಾಂಡಲ್ ಇರುವುದು ಅವನು ಬಗ್ಗಿ ಗಾಳಿಗೆ ಕಡಿಮೆ ಎದೆ ಕೊಡಲೆಂದು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸಾಲುಸಾಲಾಗಿ ನಿಲ್ಲಿಸಿರುವುದು ನೋಟ ಚೆಂದವಿರಲೆಂದಲ್ಲ ಎಂಬುದು, ಆಷಾಢದಲ್ಲಿ ಅಲ್ಲಿಂದ ದಾವಣಗೆರೆಗೆ ಅರವತ್ತು ಚಿಲ್ಲರೆ ಕಿಲೋಮೀಟರ್ ಮರಳಿ ತುಳಿಯುವ ನಿಮ್ಮ ಮಗನಿಗೆ ನಮ್ಮಿಬ್ಬರಿಗಿಂತ ಚೆನ್ನಾಗಿ ಗೊತ್ತು. ಇನ್ನು ಇಂಥ ದುಬಾರಿ ಸೈಕಲ್ಲುಗಳ ಕಾರ್ಬನ್ ಚೌಕಟ್ಟು: ಅದು ಅಚ್ಚಿನಲ್ಲಿ ಎರಕ ಹೊಯ್ದು ಸಾವಿರಗಟ್ಟಲೆ ಉದುರಿಸುವ ವಸ್ತುವಲ್ಲ. ಅಂಟು ಸವರಿದ ಕಾರ್ಬನ್ ಎಳೆಯ ಹಾಳೆಗಳನ್ನು ಅಳತೆಗೆ ಕತ್ತರಿಸಿ, ಯಾವ ಜಾಗಕ್ಕೆ ಎಷ್ಟು ಪದರ, ಎಳೆ ಯಾವ ದಿಕ್ಕಿಗೆ ಎಂದು ನೋಡಿ, ಬಹುಮಟ್ಟಿಗೆ ಇಂದಿಗೂ ಕೈಯಿಂದಲೇ ಒಂದರ ಮೇಲೊಂದು ಇಟ್ಟು ಬೇಯಿಸಬೇಕು. ಮೊಳಕಾಲ್ಮೂರು ಸೀರೆಗೆ ನೇಯ್ಗೆ ನೋಡಿ ಬೆಲೆ ಕೊಡುವ ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿ ಬಂತಲ್ಲ ಎಂಬುದೇ ನನಗೆ ಸೋಜಿಗ.

ಸೈಕಲ್ ಎಂದರೆ ಅಗ್ಗವಾಗಿಯೇ ಇರಬೇಕು ಎಂಬ ನಂಬಿಕೆ ನಮಗೆ ಎಲ್ಲಿಂದ ಬಂತು? ಅದು ಹುಟ್ಟಿದ್ದು ಬಡವರ ಮನೆಯಲ್ಲಲ್ಲ. ಮುಂದೆ ಆಳೆತ್ತರದ ಗಾಲಿ, ಹಿಂದೆ ಪುಟ್ಟ ಗಾಲಿ ಇದ್ದ ಹಳೆಯ ಕಾಲದ ಸೈಕಲ್ಲು ಇಂಗ್ಲೆಂಡಿನ ಉಳ್ಳವರ ಹುಡುಗರ ಷೋಕಿಯಾಗಿತ್ತು. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಎರಡೂ ಗಾಲಿಗಳನ್ನು ಹೆಚ್ಚುಕಡಿಮೆ ಸಮ ಮಾಡಿ, ಹಿಂದಿನ ಗಾಲಿಗೆ ಚೈನು ಹಾಕಿದ ರೋವರ್ ಸೈಕಲ್ಲನ್ನು ಹೊರತಂದ. 1888ರಲ್ಲಿ ಡನ್ಲಪ್ ಗಾಳಿ ತುಂಬುವ ಟೈರಿಗೆ ಪೇಟೆಂಟ್ ಪಡೆದ. ಅಷ್ಟಾದರೂ 1890ರ ದಶಕದ ಅಮೆರಿಕದಲ್ಲಿ ಒಳ್ಳೆಯ ಸೈಕಲ್ಲಿನ ಬೆಲೆ ನೂರು ಡಾಲರಿನ ಆಸುಪಾಸಿನಲ್ಲಿತ್ತು, ಕಾರ್ಖಾನೆಯ ಕೂಲಿಯವನಿಗೆ ಅದು ತಿಂಗಳುಗಟ್ಟಲೆಯ ದುಡಿಮೆ. ಅಂಥ ದುಡ್ಡು ಕೊಟ್ಟು ಕೊಳ್ಳುವವರು ಇದ್ದುದರಿಂದಲೇ ಕಾರ್ಖಾನೆಗಳು ಎದ್ದವು, ಬೆಲೆ ಇಳಿಯಿತು, ಕೊನೆಗೆ ನಿಮ್ಮ ಇಪ್ಪತ್ತೆಂಟು ವರ್ಷದ ಸಂಗಾತಿ ನಿಮ್ಮ ಕೈಗೆ ಬಂತು.

ಅಷ್ಟು ದೂರ ಯಾಕೆ, ನನ್ನ ತಂದೆಯವರ ವಿಷಯವನ್ನೇ ಹೇಳುತ್ತೇನೆ. ಅರವತ್ತರ ದಶಕದಲ್ಲಿ ಅವರು ದಾವಣಗೆರೆಯ ಬಟ್ಟೆ ಮಿಲ್ಲೊಂದರಲ್ಲಿ ಪಾಳಿಯ ಕೆಲಸಗಾರರು. ಒಂದು ಬಟವಾಡೆಯ ದಿನ, ಕೂಡಿಟ್ಟ ಹಣವನ್ನೆಲ್ಲ ಸೇರಿಸಿ, ಮೂರು ತಿಂಗಳ ಸಂಬಳಕ್ಕೆ ಸಮನಾದ ಬೆಲೆ ಕೊಟ್ಟು ಹೊಸ ಸೈಕಲ್ ತಳ್ಳಿಕೊಂಡು ಮನೆಗೆ ಬಂದರು. ತಳ್ಳಿಕೊಂಡೇ ಬಂದರು, ಹತ್ತಲಿಲ್ಲ, ಟೈರು ಸವೆದೀತೆಂದು. ಅಜ್ಜಿ ಬಾಗಿಲಲ್ಲೇ ನಿಂತು, “ಇಷ್ಟು ರೊಕ್ಕಕ್ಕೆ ಒಂದು ಎಮ್ಮೆ ಬರ್ತಿತ್ತಲ್ಲೋ, ಹಾಲಾದರೂ ಕೊಡ್ತಿತ್ತು” ಎಂದು ಎರಡು ದಿನ ಮಾತು ಬಿಟ್ಟರು. ಆ ಸೈಕಲ್ ನಮ್ಮ ಹಜಾರದಲ್ಲಿ, ದೇವರ ಗೂಡಿನ ಪಕ್ಕದಲ್ಲೇ, ಅಪ್ಪ ಮಲಗುತ್ತಿದ್ದ ಚಾಪೆಗೆ ಕೈ ಎಟುಕುವಷ್ಟು ಹತ್ತಿರ ನಿಲ್ಲುತ್ತಿತ್ತು. ಆಯುಧಪೂಜೆಗೆ ಅದರ ಒಂದೊಂದು ಕಡ್ಡಿಯನ್ನೂ ಕೊಬ್ಬರಿ ಎಣ್ಣೆಯ ಬಟ್ಟೆಯಲ್ಲಿ ಒರೆಸುವ ಕೆಲಸ ನನ್ನದು. ನಿಮ್ಮ ಮಗ ಸೈಕಲ್ಲನ್ನು ಮಲಗುವ ಕೋಣೆಯಲ್ಲಿ ಇಟ್ಟುಕೊಳ್ಳುತ್ತಾನೆಂದು ಓದಿದಾಗ ನನಗೆ ನಗು ಬರಲಿಲ್ಲ.

ನೀವು ಕೇಳದಿದ್ದರೂ ಕೇಳಬಹುದಾದ ಇನ್ನೊಂದು ಪ್ರಶ್ನೆಯಿದೆ. ಆ ದುಡ್ಡಿಗೆ ಐದೈದು ಸಾವಿರದ ಎಪ್ಪತ್ತೈದು ಸೈಕಲ್ ಬರುತ್ತಿದ್ದವು, ಎಪ್ಪತ್ತೈದು ಹಳ್ಳಿಯ ಹುಡುಗಿಯರು ಹೈಸ್ಕೂಲಿಗೆ ಹೋಗಬಹುದಿತ್ತು ಎಂದು ಗೆಳೆಯರೊಬ್ಬರು ನನ್ನೊಂದಿಗೆ ವಾದಿಸಿದರು. ಒಳ್ಳೆಯ ಮಾತು. 2006–07ರಲ್ಲಿ ಸರ್ಕಾರ ಎಂಟನೇ ತರಗತಿಯವರಿಗೆ ಸೈಕಲ್ ಕೊಡತೊಡಗಿದಾಗ ಅದು ಏನು ಮಾಡಿತೆಂಬುದನ್ನು ಜಗಳೂರು, ಚನ್ನಗಿರಿ ಕಡೆಯ ರಸ್ತೆಗಳಲ್ಲಿ ನಾನೇ ಕಂಡಿದ್ದೇನೆ. ಆದರೆ ಹದಿನೈದು ಲಕ್ಷದ ಕಾರನ್ನು, ಒಂದೇ ಹೊತ್ತಿನ ಆರತಕ್ಷತೆಯ ಶಾಮಿಯಾನವನ್ನು ಐದು ಸಾವಿರದಿಂದ ಭಾಗಿಸುವವರು ಯಾರೂ ಸಿಗುವುದಿಲ್ಲ. ಬಡವರ ನೆನಪು ನಮಗಾಗುವುದು ಸೈಕಲ್ ಕಂಡಾಗ ಮಾತ್ರ, ಏಕೆಂದರೆ ಅದನ್ನು ನಾವು ಅವರಿಗೇ ಬಿಟ್ಟುಕೊಟ್ಟಿದ್ದೇವೆ. ತೆರಿಗೆಯವರಿಗೆ ಈ ಭೇದವಿಲ್ಲ: 2025ರ ಸೆಪ್ಟೆಂಬರ್ 22ರಿಂದ ಹಾಲಿನವನ ಸೈಕಲ್ಲಿಗೂ ನಿಮ್ಮ ಮಗನದಕ್ಕೂ ಜಿಎಸ್‌ಟಿ ಒಂದೇ, ಶೇ 5.

ಸೈಕಲ್ಲನ್ನು ಬಡವರಿಗೆ ಬಿಟ್ಟುಕೊಟ್ಟೆವು, ರಸ್ತೆಯನ್ನು ಮಾತ್ರ ಬಿಡಲಿಲ್ಲ. ಪಿ.ಬಿ. ರಸ್ತೆಯಲ್ಲಿ ಮಂಡಕ್ಕಿ ಮೂಟೆಯನ್ನು ಕ್ಯಾರಿಯರಿಗೆ ಕಟ್ಟಿಕೊಂಡು ಹೋಗುವವನನ್ನು ಹಾರ್ನ್ ಹೊಡೆದು ಚರಂಡಿಯ ಅಂಚಿಗೆ ತಳ್ಳುತ್ತೇವೆ. ಟಾಕೀಸುಗಳ ಮುಂದಿದ್ದ ಸೈಕಲ್ ಸ್ಟ್ಯಾಂಡ್‌ಗಳು ಹೋದವು, ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಅಂಗಡಿಗಳು ಹೋದವು, ಕಿವಿಗೊಟ್ಟು ಕೇಳಿಯೇ ರಿಮ್ಮಿನ ಬೆಂಡ್ ತೆಗೆಯುತ್ತಿದ್ದ ರಿಪೇರಿಯವರೂ ಒಬ್ಬೊಬ್ಬರಾಗಿ ಹೋದರು. ಇದನ್ನೆಲ್ಲ ನೋಡಿಕೊಂಡು ಸುಮ್ಮನಿದ್ದವರು ಅಗ್ಗದ ಸೈಕಲ್ ತುಳಿಯುವವರನ್ನು ಲೆಕ್ಕಕ್ಕೇ ಇಟ್ಟುಕೊಳ್ಳದ ನಮ್ಮಂಥವರು. ಮೂರೂಮುಕ್ಕಾಲು ಲಕ್ಷದ ಸೈಕಲ್ ಹೊಂಡಕ್ಕೆ ಬಿದ್ದರೆ ಅದರ ಒಡೆಯ ಪಾಲಿಕೆಗೆ ಅರ್ಜಿ ಬರೆಯುತ್ತಾನೆ. ಆ ಹೊಂಡ ಮುಚ್ಚಿದರೆ ಮಂಡಕ್ಕಿಯವನ ಮೂಟೆಯೂ ಉಳಿಯುತ್ತದೆಂಬುದು ನನ್ನ ಸ್ವಾರ್ಥದ ಲೆಕ್ಕ.

ಸ್ಟ್ಯಾಂಡ್ ಮಾತ್ರ ದಯವಿಟ್ಟು ಹಾಕಿಸಬೇಡಿ. ಕಾರ್ಬನ್ ಕೊಳವೆಗೆ ಬಿಗಿಯಾಗಿ ಕಚ್ಚಿಸಿದ ಕ್ಲಾಂಪು ಅದನ್ನು ಒಳಗೊಳಗೇ ಸೀಳಿಸಬಹುದು, ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಅದರ ಬದಲು ರಬ್ಬರ್ ಸುತ್ತಿದ ಕೊಂಡಿಯೊಂದನ್ನು ಗೋಡೆಗೆ ಹೊಡೆಸಿ. ಮಲಗುವ ಕೋಣೆ ಇಕ್ಕಟ್ಟಾದರೆ ಹಜಾರದಲ್ಲಿ, ದೇವರ ಕೋಣೆಯ ಪಕ್ಕದ ಗೋಡೆಯಾದರೂ ಆದೀತು.

— ಸಂ.