ಆಫೀಸಿನಲ್ಲಿ ನಾನೊಬ್ಬನೇ ಕ್ರೈಸ್ತ. ನಂಬಿಕೆಯನ್ನು ಮುಚ್ಚಿಡದೆ, ಯಾರಿಗೂ ಇರಿಸುಮುರಿಸಾಗದ ಹಾಗೆ ಬದುಕುವುದು ಹೇಗೆ?

ನಿಮ್ಮ ಪ್ರಶ್ನೆಯನ್ನು ಮೂರು ಸಲ ಓದಿದೆ. ನೀವು ಕೆಲಸಕ್ಕೆಂದು ಹಾಸನಕ್ಕೆ ಬಂದು ಆರು ತಿಂಗಳಾಗಿದೆ. ಕೊರಳಿನ ಶಿಲುಬೆಯನ್ನು ಅಂಗಿಯೊಳಗೆ ಸರಿಸಿಕೊಂಡೇ ಆಫೀಸಿಗೆ ಹೋಗುತ್ತೀರಿ. ಯಾರಿಗಾದರೂ ಒಂದು ಉಪಕಾರ ಮಾಡೋಣ ಅಂದರೆ ‘ಇದೆಲ್ಲ ಮತಾಂತರಕ್ಕೆ’ ಅಂದುಬಿಡುತ್ತಾರೇನೋ ಅನ್ನುವ ಅಳುಕು. ಪಕ್ಕದ ಟೇಬಲ್‌ನವರ ತಾಯಿ ಹದಿನೈದು ದಿನದಿಂದ ಆಸ್ಪತ್ರೆಯಲ್ಲಿದ್ದರೂ ಅದೇ ಅಳುಕಿನಿಂದ ನೋಡಲು ಹೋಗಿಲ್ಲ ಅಂತ ಕೊನೆಯಲ್ಲಿ ಬರೆದಿದ್ದೀರಿ. ಆ ಕೊನೆಯ ಸಾಲಿಗಾಗಿ ಈ ಉತ್ತರ.

ನಾನು ಚಿಕ್ಕಮಗಳೂರು ಜಿಲ್ಲೆಯವಳು, ಕ್ಯಾಥೊಲಿಕ್. ಮೂಡಿಗೆರೆ ಕಡೆಯ ಒಂದು ಕಾಫಿ ತೋಟದ ಲೈನ್ ಮನೆಯಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ ಹುಟ್ಟಿದೆ. ನರ್ಸಿಂಗ್ ಓದಿ ಮೂವತ್ತೊಂದು ವರ್ಷ ಸ್ಟಾಫ್ ನರ್ಸ್ ಆಗಿದ್ದೆ, ಈಗ ನಿವೃತ್ತಿಯಾಗಿದೆ. ನಿಮ್ಮ ಅಳುಕು ನನಗೆ ಹೊಸದಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಹಣೆಗೆ ಏನೂ ಇಟ್ಟುಕೊಳ್ಳದ ನನ್ನನ್ನು ನೋಡಿ ‘ಯಾವ ಜನ ನಿಮ್ಮದು’ ಅಂತ ಯಾರಾದರೂ ಕೇಳಿದರೆ ಮಾತು ಬದಲಿಸುತ್ತಿದ್ದೆ. ಸುಳ್ಳು ಹೇಳಲಿಲ್ಲ, ಆದರೆ ನಿಜವನ್ನೂ ಹೇಳಲಿಲ್ಲ. ಅದು ನೆನಪಾದರೆ ಈಗಲೂ ಮನಸ್ಸಿಗೆ ನೋವಾಗುತ್ತದೆ.

ನಮ್ಮನ್ನು ಗೊಂದಲಕ್ಕೆ ಹಾಕುವ ಎರಡು ಮಾತು ಬೈಬಲ್‌ನಲ್ಲಿ ಒಂದೇ ಪ್ರಬೋಧನೆಯಲ್ಲಿ ಬರುತ್ತವೆ. ಮತ್ತಾಯನ 5ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ದೀಪ ಹಚ್ಚಿ ಯಾರೂ ಕೊಳಗದ ಕೆಳಗೆ ಇಡುವುದಿಲ್ಲ, ನಿಮ್ಮ ಬೆಳಕು ಜನರ ಮುಂದೆ ಬೆಳಗಲಿ ಅನ್ನುತ್ತಾರೆ. ಪುಟ ತಿರುಗಿಸಿದರೆ 6ನೇ ಅಧ್ಯಾಯ: ದಾನ ಮಾಡುವಾಗ ತುತ್ತೂರಿ ಊದಿಸಬೇಡ, ಬಲಗೈ ಮಾಡಿದ್ದು ಎಡಗೈಗೂ ತಿಳಿಯದಿರಲಿ. ಬೆಳಗಬೇಕೋ, ಮರೆಯಾಗಿರಬೇಕೋ? ನಮ್ಮ ಅಜ್ಜನ ಮನೆಯಲ್ಲಿ ಭತ್ತ ಅಳೆಯುವ ಕೊಳಗ ಇತ್ತು. ಚಿಕ್ಕವಳಿದ್ದಾಗ ಈ ವಾಕ್ಯ ಕೇಳಿ, ಅದನ್ನು ಒಂದು ಚಿಮಣಿ ಬುಡ್ಡಿಯ ಮೇಲೆ ಬೋರಲು ಹಾಕಿ ನೋಡಿದ್ದೆ. ಸ್ವಲ್ಪ ಹೊತ್ತಿಗೇ ದೀಪ ಆರಿಹೋಯಿತು, ಕೊಳಗದ ಒಳಗೆಲ್ಲ ಮಸಿ ಹಿಡಿಯಿತು, ಅಜ್ಜನ ಕೈಲಿ ಬೈಸಿಕೊಂಡೆ. ಮುಚ್ಚಿಟ್ಟ ದೀಪ ಆರಿಯೇ ಹೋಗುತ್ತದೆ ಅನ್ನುವುದು ಅವತ್ತೇ ಗೊತ್ತಾಗಿತ್ತು. ಎಡಗೈಗೆ ತಿಳಿಯದಿರಲಿ ಅನ್ನುವ ಮಾತು ಅರ್ಥವಾಗಲು ಮಾತ್ರ ಐವತ್ತು ದಾಟಬೇಕಾಯಿತು. ಅದನ್ನು ಕಲಿಸಿದ್ದು ನಾನೇ ಮಾಡಿದ ಒಂದು ತಪ್ಪು.

2020ರ ಲಾಕ್‌ಡೌನ್. ತೋಟದ ಕೆಲಸಕ್ಕೆಂದು ಅಸ್ಸಾಂ ಕಡೆಯಿಂದ ಬಂದವರು ಊರಿಗೆ ಹೋಗಲಾರದೆ ಲೈನ್ ಮನೆಗಳಲ್ಲೇ ಉಳಿದಿದ್ದರು. ಇಲ್ಲಿನ ಕೂಲಿಯವರಿಗೂ ಬಟವಾಡೆ ನಿಂತಿತ್ತು. ನಾವು ನಾಲ್ಕು ಮನೆಯವರು ಸೇರಿ ಅಕ್ಕಿ, ಬೇಳೆ, ಎಣ್ಣೆ, ಸೋಪು ಕಟ್ಟಿ ಹಂಚಿದೆವು. ಹಂಚುವಾಗ ನಾನು ಮೊಬೈಲ್ ಹಿಡಿದು ಫೋಟೊ ತೆಗೆದೆ. ನಮ್ಮ ಚರ್ಚಿನವರ ಗ್ರೂಪಿಗೆ ಹಾಕಿದರೆ ಇನ್ನೂ ನಾಲ್ಕು ಜನ ಕೊಟ್ಟಾರು ಅಂತ ನನ್ನ ಲೆಕ್ಕ. ಒಬ್ಬ ಅಜ್ಜಿ ಚೀಲಕ್ಕೆ ಕೈ ಚಾಚಿದವರು ಮೊಬೈಲ್ ಕಂಡ ಕೂಡಲೇ ಸೆರಗನ್ನು ಮುಖಕ್ಕೆ ಎಳೆದುಕೊಂಡು ಆ ಕಡೆ ತಿರುಗಿದರು. ಒಂದು ಕೈ ಚೀಲದ ಮೇಲೆ, ಇನ್ನೊಂದು ಕೈ ಮುಖದ ಮೇಲೆ. ಮೂವತ್ತು ವರ್ಷ ಹಣ್ಣು ಕುಯ್ದು ದುಡಿದು ಉಂಡವರು ಅವರು. ಯಾರ ಮುಂದೆಯೂ ಕೈ ಚಾಚಿದವರಲ್ಲ. ಆ ಫೋಟೊವನ್ನು ಅಲ್ಲೇ ನಿಂತು ಅಳಿಸಿದೆ. ಗ್ರೂಪಿಗೆ ಆಗಲೇ ಹೋಗಿದ್ದವನ್ನೂ ತೆಗೆಸಿದೆ. ಮಾರನೇ ದಿನ ಅಜ್ಜಿಯ ಮನೆಗೆ ಹೋಗಿ ‘ತಪ್ಪಾಯ್ತಮ್ಮ’ ಅಂದೆ. ‘ಇರ್ಲಿ ಬಿಡವ್ವ, ಅಕ್ಕಿ ಚೆನ್ನಾಗಿತ್ತು’ ಅಂದರು.

ಆಮೇಲೆ ಆ ಎರಡು ವಾಕ್ಯವನ್ನು ಮತ್ತೆ ಓದಿದಾಗ ಜಗಳ ಕಾಣಲಿಲ್ಲ. ಬೆಳಕಿನಲ್ಲಿ ನಿಲ್ಲಬೇಕಾದವಳು ನಾನು: ನಾನು ಯಾರು, ಯಾರನ್ನು ನಂಬಿದವಳು ಅನ್ನುವುದು ಎಲ್ಲರಿಗೂ ಗೊತ್ತಿರಲಿ. ಮರೆಯಲ್ಲಿ ಇರಬೇಕಾದದ್ದು ಪಡೆದುಕೊಂಡವರ ಕಷ್ಟ, ಜೊತೆಗೆ ನಾನು ಎಷ್ಟು ಕೊಟ್ಟೆ ಅನ್ನುವ ಲೆಕ್ಕ. ನಾವು ಅನೇಕರು ಇದನ್ನು ಉಲ್ಟಾ ಮಾಡುತ್ತೇವೆ. ನಮ್ಮ ಗುರುತನ್ನು ಅಂಗಿಯೊಳಗೆ ಬಚ್ಚಿಟ್ಟು, ಬಡವರ ಮುಖವನ್ನು ಬೆಳಕಿಗೆ ತರುತ್ತೇವೆ.

ನಿಮ್ಮ ಎರಡನೇ ಅಳುಕು, ಅಂದರೆ ಜನ ಅನುಮಾನಪಡುತ್ತಾರೆ ಅನ್ನುವುದಕ್ಕೆ, ನಮ್ಮ ಬೀದಿಯ ಒಂದು ಸಂಗತಿ ಹೇಳುತ್ತೇನೆ. ಮನೆಯವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ, ಹೆಸರು ಬೇಡ.

ನಮ್ಮ ಮನೆಯಿಂದ ಐದಾರು ಮನೆ ಆಚೆ ಒಬ್ಬರು ಅಂಗಡಿಯವರಿದ್ದಾರೆ. ‘ಇವರು ಸುಮ್ಮನೆ ಯಾರ ಮನೆಗೂ ಬರಲ್ಲ ಕಣ್ರೀ, ಮನಸ್ಸಲ್ಲಿ ಏನೋ ಇಟ್ಕೊಂಡೇ ಬರ್ತಾರೆ’ ಅಂತ ನನ್ನ ಕಿವಿಗೆ ಬೀಳುವ ಹಾಗೇ ಅಂದಿದ್ದರು. ಅವರ ತಾಯಿಗೆ ಲಕ್ವ ಹೊಡೆಯಿತು. ಆಸ್ಪತ್ರೆಯಿಂದ ಮನೆಗೆ ತಂದ ಒಂದು ತಿಂಗಳಲ್ಲಿ ಬೆನ್ನಿನ ಕೆಳಗೆ ಮಲಗಿದ ಹುಣ್ಣು. ಅವರ ಹೆಂಡತಿ ಬಂದು ನಮ್ಮ ಗೇಟಿನ ಹೊರಗೆ ನಿಂತು, ‘ಸಿಸ್ಟರ್, ಒಂದ್ಸಲ ನೋಡ್ತೀರಾ’ ಅಂದರು. ಒಳಗೆ ಬನ್ನಿ ಅಂದರೂ ಬರಲಿಲ್ಲ.

ಹೋಗಿ ನೋಡಿದೆ. ಅಂಗೈ ಅಗಲದ ಹುಣ್ಣು, ಅಂಚು ಕಪ್ಪಾಗಿತ್ತು, ಕೋಣೆಯ ಬಾಗಿಲಿಗೇ ವಾಸನೆ ಬರುತ್ತಿತ್ತು. ಡಾಕ್ಟರಿಗೆ ತೋರಿಸಿ ಸತ್ತ ಚರ್ಮ ತೆಗೆಸಿದೆವು. ಆಮೇಲೆ ದಿನಾ ಬೆಳಗ್ಗೆ ಹೋಗಿ ಸಲೈನ್‌ನಲ್ಲಿ ತೊಳೆದು, ಗಾಜ್ ಇಟ್ಟು ಕಟ್ಟುತ್ತಿದ್ದೆ. ಆದರೆ ಮಲಗಿದ ಹುಣ್ಣನ್ನು ಗುಣಪಡಿಸುವುದು ಬರೀ ಡ್ರೆಸ್ಸಿಂಗ್ ಅಲ್ಲ. ಎರಡೆರಡು ಗಂಟೆಗೆ ಮಗ್ಗುಲು ಬದಲಿಸಬೇಕು, ಮೈ ಒದ್ದೆಯಾಗಿರಬಾರದು, ಹಾಸಿದ ಬಟ್ಟೆಯಲ್ಲಿ ಒಂದು ಮಡಿಕೆಯೂ ಇರಬಾರದು, ಹೊಟ್ಟೆಗೆ ಬೇಳೆ ಮೊಸರು ಸರಿಯಾಗಿ ಹೋಗಬೇಕು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಗಂಟೆ ಬರೆದು ಗೋಡೆಗೆ ಅಂಟಿಸಿದೆ: ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ರಾತ್ರಿ ಎರಡು ಗಂಟೆಯ ಸರದಿ ಆ ಅಂಗಡಿಯವರದು. ಒಂದು ದಿನವೂ ತಪ್ಪಿಸಲಿಲ್ಲ ಅವರು. ಗಾಳಿ ಹಾಸಿಗೆ ತಂದರು. ಅಮ್ಮನ ಮೇಲೆ ಅಷ್ಟು ಪ್ರೀತಿ ಇದ್ದವರನ್ನು ನಾನು ‘ನಮ್ಮ ವಿರೋಧಿ’ ಅಂತ ಒಂದೇ ಮಾತಿನಲ್ಲಿ ಬರೆದು ಮುಗಿಸಿಬಿಟ್ಟಿದ್ದೆನಲ್ಲ ಅನ್ನಿಸಿತು.

ಆ ತಾಯಿಗೆ ಬೆಳಗ್ಗೆ ಎದ್ದ ಕೂಡಲೇ ಮನೆದೇವರ ಹಾಡು ಕೇಳಬೇಕು. ಮೊಬೈಲ್ ದಿಂಬಿನ ಪಕ್ಕದಲ್ಲೇ ಇರುತ್ತಿತ್ತು, ಆದರೆ ಬೆರಳು ಆಡುತ್ತಿರಲಿಲ್ಲ. ಮನೆಯವರು ಅಡುಗೆಮನೆಯಲ್ಲಿದ್ದಾಗ ನನ್ನ ಕಡೆ ನೋಡಿ ಮೊಬೈಲಿನ ಕಡೆ ಕಣ್ಣು ಹೊರಳಿಸುತ್ತಿದ್ದರು. ನಾನು ಗ್ಲೌಸ್ ತೆಗೆದು ಹಾಡು ಹಾಕಿಕೊಡುತ್ತಿದ್ದೆ. ನಮ್ಮವರೇ ಒಬ್ಬರು ‘ನೀವು ಹಾಗೆ ಮಾಡಬಹುದಾ’ ಅಂದರು. ಮಾಡಬಹುದು ಅಂತಲೇ ನನ್ನ ಉತ್ತರ, ಇವತ್ತಿಗೂ. ಕೈ ಆಡದವರ ಕೈ ಆಗುವುದು ನನ್ನ ಕೆಲಸವಾಗಿತ್ತು. ಅವರ ಕೋಣೆಯಲ್ಲಿ ಜೋರಾಗಿ ಪ್ರಾರ್ಥನೆ ಹೇಳಲಿಲ್ಲ. ಮನಸ್ಸಿನಲ್ಲಿ ಪ್ರತಿ ದಿನ ಹೇಳಿದೆ, ಮನೆಯಲ್ಲಿ ಜಪಮಾಲೆ ಹಿಡಿದಾಗ ಅವರ ಹೆಸರು ಹೇಳಿದೆ. ಕೊರಳಿನ ಶಿಲುಬೆ ಮಾತ್ರ ಸೀರೆಯ ಮೇಲೆಯೇ ಇತ್ತು, ಬಗ್ಗಿದಾಗೆಲ್ಲ ಅವರ ಕಣ್ಣ ಮುಂದೆ ತೂಗುತ್ತಿತ್ತು.

ನಾಲ್ಕು ತಿಂಗಳಿಗೆ ಹುಣ್ಣು ತುಂಬಿಕೊಂಡಿತು. ಆಗ ಒಂದು ದಿನ ಅಂಗಡಿಯವರು ಬಾಗಿಲವರೆಗೆ ಬಂದು, ‘ಸಿಸ್ಟರ್, ಒಂದು ಮಾತು ಕೇಳ್ಲಾ? ದುಡ್ಡು ತಗೊಳ್ಳಲ್ಲ, ಏನೂ ಹೇಳಲ್ಲ. ಯಾಕೆ ಮಾಡ್ತಿದೀರಿ ಇದನ್ನ?’ ಅಂದರು.

ನಾನು ಅಂದೆ: ‘ಸಾಯುವ ಹಿಂದಿನ ರಾತ್ರಿ ಯೇಸುಸ್ವಾಮಿ ಸೊಂಟಕ್ಕೆ ವಸ್ತ್ರ ಸುತ್ತಿಕೊಂಡು ಶಿಷ್ಯರ ಕಾಲು ತೊಳೆದರು ಅಣ್ಣ. ನೀವೂ ಹೀಗೇ ಮಾಡಿ ಅಂದರು. ನಾನು ಅವರನ್ನು ನಂಬಿದವಳು. ನಿಮ್ಮ ಅಮ್ಮನ ಬೆನ್ನು ತೊಳೆಯುವಾಗ ನನಗೆ ಅದೇ ನೆನಪು.’

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಕಾಫಿ ಕುಡ್ಕೊಂಡು ಹೋಗಿ’ ಅಂದರು. ಆ ಮನೆಯಲ್ಲಿ ಯಾರೂ ಕ್ರೈಸ್ತರಾಗಲಿಲ್ಲ, ಆಗಬೇಕು ಅಂತ ನಾನು ಹೋದದ್ದೂ ಅಲ್ಲ. ಒಂದೂವರೆ ವರ್ಷದ ನಂತರ ಆ ತಾಯಿ ತೀರಿಕೊಂಡರು. ತಿಥಿ ಊಟಕ್ಕೆ ಮಗ ತಾನೇ ಬಂದು ಕರೆದು, ಮೊದಲ ಪಂಕ್ತಿಯಲ್ಲಿ ನೆಂಟರ ಜೊತೆ ಕೂರಿಸಿದರು.

ಹೇಳಬಾರದೇ ಹಾಗಾದರೆ ನಂಬಿಕೆಯ ವಿಷಯ? ಹೇಳಬೇಕು. ನಂಬುವುದಕ್ಕೂ ಅದನ್ನು ಹೇಳುವುದಕ್ಕೂ ಸಂವಿಧಾನದ 25ನೇ ವಿಧಿ ಹಕ್ಕು ಕೊಟ್ಟಿದೆ. ಆದರೆ ಯೇಸುವಿನ ಶಿಷ್ಯ ಪೇತ್ರ ತನ್ನ ಮೊದಲ ಪತ್ರದ 3ನೇ ಅಧ್ಯಾಯದಲ್ಲಿ ಹೇಗೆ ಹೇಳುತ್ತಾನೆ ನೋಡಿ: ನಿಮ್ಮಲ್ಲಿರುವ ನಿರೀಕ್ಷೆಗೆ ಕಾರಣ ಏನು ಅಂತ ಕೇಳುವವರಿಗೆ ಉತ್ತರ ಕೊಡಲು ಯಾವಾಗಲೂ ಸಿದ್ಧರಾಗಿರಿ, ಆದರೆ ಸೌಮ್ಯವಾಗಿ, ಗೌರವದಿಂದ ಕೊಡಿ. ಅಂದರೆ ಪ್ರಶ್ನೆ ಮೊದಲು, ಉತ್ತರ ಆಮೇಲೆ. ಪ್ರಶ್ನೆ ಹುಟ್ಟುವಂಥ ಬದುಕೇ ಇಲ್ಲದೆ ಉತ್ತರ ಹಿಡಿದುಕೊಂಡು ಮನೆಮನೆ ತಿರುಗಿದರೆ ಜನಕ್ಕೆ ಬೇಸರವಾಗುವುದು ಸಹಜ. ಸಹಾಯಕ್ಕೆ ಷರತ್ತು ಕಟ್ಟುವುದಂತೂ ಪ್ರೀತಿಯೇ ಅಲ್ಲ, ಅದು ವ್ಯಾಪಾರ. ಯೇಸುಸ್ವಾಮಿ ಹೇಳಿದ ಒಳ್ಳೆಯ ಸಮಾರ್ಯದವನ ಸಾಮತಿಯಲ್ಲಿ, ಅಂದರೆ ನೀತಿಕಥೆಯಲ್ಲಿ, ಕಳ್ಳರು ಹೊಡೆದು ಹಾಕಿದ ಒಬ್ಬ ದಾರಿಹೋಕನನ್ನು ಕಂಡು ಅವನು ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟುತ್ತಾನೆ, ತನ್ನ ಸವಾರಿಯ ಮೇಲೆ ಕೂರಿಸುತ್ತಾನೆ, ಛತ್ರದವನಿಗೆ ಎರಡು ನಾಣ್ಯ ಕೊಡುತ್ತಾನೆ. ಬಿದ್ದವನ ಊರು, ಮತ ಯಾವುದು ಅಂತ ಕೇಳುವುದಿಲ್ಲ. ತನ್ನದನ್ನು ಮುಚ್ಚಿಕೊಳ್ಳುವುದೂ ಇಲ್ಲ: ಬರುವಾಗ ಮತ್ತೆ ಇದೇ ದಾರಿಯಲ್ಲಿ ಬರುತ್ತೇನೆ, ಬಾಕಿ ಕೊಡುತ್ತೇನೆ ಅಂತ ಛತ್ರದವನಿಗೆ ಹೇಳಿಯೇ ಹೋಗುತ್ತಾನೆ.

1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡ್ರಿಕ್ ಓಜಾನಾಂ ಅನ್ನುವ ಇಪ್ಪತ್ತು ವರ್ಷದ ವಿದ್ಯಾರ್ಥಿಗೆ ಜೊತೆಯ ಹುಡುಗರು, ನಿಮ್ಮ ಕ್ಯಾಥೊಲಿಕ್ ಧರ್ಮಸಭೆ ಹಿಂದೆ ಏನೋ ಮಾಡಿರಬಹುದು, ಈಗ ನೀವೇನು ಮಾಡುತ್ತಿದ್ದೀರಿ ಅಂತ ಸವಾಲು ಹಾಕಿದ್ದರು. ಅವನು ವಾದ ಮುಂದುವರಿಸುವುದನ್ನು ಬಿಟ್ಟು ನಾಲ್ಕಾರು ಗೆಳೆಯರನ್ನು ಕಟ್ಟಿಕೊಂಡು ಬಡವರ ಮನೆಗಳಿಗೆ ಹೋಗಲು ಶುರುಮಾಡಿದ. ಸಂತ ವಿನ್ಸೆಂಟ್ ದೆ ಪೌಲ್ ಸಭೆ ಹುಟ್ಟಿದ್ದು ಹಾಗೆ. ಆ ಸಭೆಯವರು ಇಂದಿಗೂ ಇಬ್ಬಿಬ್ಬರಾಗಿ ಮನೆಗಳಿಗೆ ಹೋಗುತ್ತಾರೆ. ಯಾರು ಎಷ್ಟು ಹಾಕಿದರು ಅಂತ ಕಾಣದ ಹಾಗೆ ಚೀಲ ಹಾಯಿಸಿ ಹಣ ಕೂಡಿಸುತ್ತಾರೆ, ಹೋದ ಮನೆಯ ವಿಷಯವನ್ನು ಹೊರಗೆ ಹೇಳುವುದಿಲ್ಲ. ಎಡಗೈಗೆ ತಿಳಿಯದ ಹಾಗೆ ಮಾಡುವ ಈ ಪದ್ಧತಿ ನನಗೆ ಬಹಳ ಇಷ್ಟ.

ನೀವು ಹಾಸನದಲ್ಲೇ ಇರುವುದರಿಂದ ಒಂದು ಭಾನುವಾರ ಪೂಜೆ ಮುಗಿಸಿ ಶೆಟ್ಟಿಹಳ್ಳಿಗೆ ಹೋಗಿಬನ್ನಿ. ಹೇಮಾವತಿ ಹಿನ್ನೀರಿನಲ್ಲಿ ನಿಂತ ಆ ಹಳೆಯ ಚರ್ಚ್ ಅನ್ನು ಎಲ್ಲರೂ ಫೋಟೊದಲ್ಲಿ ನೋಡಿರುತ್ತಾರೆ. ಗೊರೂರಿನಲ್ಲಿ ಅಣೆಕಟ್ಟು 1979ರಲ್ಲಿ ಮುಗಿದ ಮೇಲೆ ನೀರು ಬಂದು ಊರಿನವರು ಬೇರೆ ಕಡೆ ನೆಲೆಸಿದರು, ಗೋಡೆಗಳು ಮಾತ್ರ ಉಳಿದವು. ಆ ಕ್ರೈಸ್ತ ನೆಲೆಯ ಹಿಂದೆ ಇದ್ದವರು ಅಬ್ಬೆ ದುಬಾಯ್ ಅನ್ನುವ ಫ್ರೆಂಚ್ ಪಾದ್ರಿ. 1792ರಲ್ಲಿ ಭಾರತಕ್ಕೆ ಬಂದು, ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದವರು. ಇಲ್ಲಿಯವರ ಹಾಗೇ ಉಡುಪು, ಇಲ್ಲಿಯವರ ಹಾಗೇ ಊಟ. ಜನ ‘ದೊಡ್ಡ ಸ್ವಾಮಿಯವರು’ ಅನ್ನುತ್ತಿದ್ದರು. ಸಿಡುಬಿನ ಲಸಿಕೆ ಇನ್ನೂ ಹೊಸದಾಗಿದ್ದ ಕಾಲದಲ್ಲಿ ಹಳ್ಳಿ ಹಳ್ಳಿಗೆ ಅದನ್ನು ಮುಟ್ಟಿಸಿದರು, ನೆಲೆ ಕಳೆದುಕೊಂಡವರಿಗೆ ಬೇಸಾಯದ ಊರು ಕಟ್ಟಿಕೊಟ್ಟರು. 1823ರಲ್ಲಿ ತಿರುಗಿ ಹೋಗುವ ಹೊತ್ತಿಗೆ, ಮತ ಬದಲಿಸುವ ಕೆಲಸದಲ್ಲಿ ತಾನು ಗೆಲ್ಲಲಿಲ್ಲ ಅಂತ ಅವರೇ ಬರೆದುಕೊಂಡರು. ನರ್ಸ್ ಆಗಿದ್ದ ನಾನು ಆ ಗೋಡೆಗಳ ನಡುವೆ ನಿಂತಾಗ, ಲಸಿಕೆ ಹಾಕಿಸಿಕೊಂಡು ಬದುಕಿ ಉಳಿದ ಮಕ್ಕಳನ್ನೇ ನೆನೆಯುತ್ತೇನೆ. ಅವರಲ್ಲಿ ಎಷ್ಟೋ ಮಂದಿ ತಮ್ಮ ತಮ್ಮ ದೇವರನ್ನೇ ಪೂಜಿಸಿಕೊಂಡು ಮುದುಕರಾದರು. ಆ ಪಾದ್ರಿ ಸೋತರು ಅಂತ ನನಗೆ ಅನ್ನಿಸುವುದಿಲ್ಲ.

ಆಫೀಸಿನ ವಿಷಯ ಹೆಚ್ಚು ಹೇಳುವುದಿಲ್ಲ, ನಿಮಗೇ ಗೊತ್ತಿರುತ್ತದೆ. ಎದುರಿಗೆ ಇಲ್ಲದವರ ಬಗ್ಗೆ ಹಿಂದಿನಿಂದ ಮಾತಾಡುವಾಗ ಸೇರಿಕೊಳ್ಳಬೇಡಿ, ನಿಮ್ಮಿಂದಾದ ತಪ್ಪನ್ನು ಕೆಳಗಿನವರ ತಲೆಗೆ ಕಟ್ಟಬೇಡಿ. ಆಯುಧಪೂಜೆಗೆ ಕರೆದರೆ ಹೋಗಿ ನಿಂತು, ಸಿಹಿ ಹಂಚಲು ಕೈ ಜೋಡಿಸಿ. ಮನಸ್ಸು ಒಪ್ಪದ ಭಾಗ ಇದ್ದರೆ ನಗುತ್ತಲೇ, ಸ್ಪಷ್ಟವಾಗಿ ಹೇಳಿ. ಕ್ರಿಸ್ಮಸ್ಸಿಗೆ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳ ಡಬ್ಬಿ ತಪ್ಪದೆ ತನ್ನಿ.

ಈಗ ಆ ಆಸ್ಪತ್ರೆಯ ವಿಷಯ. ಇವತ್ತು ಸಂಜೆಯೇ ಹೋಗಿ. ಹೂವಿನ ಗುಚ್ಛ ಬೇಡ, ಹಣ್ಣೂ ರಾಶಿ ಬಿದ್ದಿರುತ್ತದೆ. ಒಂದು ಫ್ಲಾಸ್ಕಿನಲ್ಲಿ ಬಿಸಿನೀರು, ರೋಗಿಗೆ ಡಾಕ್ಟರು ಬೇಡ ಅಂದಿಲ್ಲದಿದ್ದರೆ ಸ್ವಲ್ಪ ಗಂಜಿ. ಶಿಲುಬೆ ಅಂಗಿಯ ಮೇಲಿರಲಿ. ಹಾಸಿಗೆಯ ಹತ್ತಿರ ಹತ್ತು ನಿಮಿಷಕ್ಕಿಂತ ಹೆಚ್ಚು ಕೂರಬೇಡಿ, ಕಾಯಿಲೆಯ ಕಥೆ ಕೇಳಬೇಡಿ. ಆ ತಾಯಿ ‘ನಿಮ್ಮ ದೇವರಲ್ಲಿ ಬೇಡಿಕೊಳ್ಳಪ್ಪ’ ಅಂದರೆ ಅಲ್ಲೇ ಕಣ್ಣು ಮುಚ್ಚಿ ಎರಡು ಮಾತು ಬೇಡಿ. ಅನ್ನದಿದ್ದರೆ ಮನೆಗೆ ಬಂದು ಬೇಡಿ. ಹೊರಡುವಾಗ ನಿಮ್ಮ ಸಹೋದ್ಯೋಗಿಯನ್ನು ವರಾಂಡಕ್ಕೆ ಕರೆದು, ‘ರಾತ್ರಿ ಯಾರು ಇರ್ತಾರೆ?’ ಅಂತ ಕೇಳಿ. ಹದಿನೈದು ರಾತ್ರಿ ಬೆಂಚಿನ ಮೇಲೆ ಕಳೆದವರ ಕಣ್ಣು ಹೇಗಿರುತ್ತದೆ ಅಂತ ನಾನು ಮೂವತ್ತೊಂದು ವರ್ಷ ನೋಡಿದ್ದೇನೆ. ಹೆಂಗಸರ ವಾರ್ಡ್ ಆದರೆ ರಾತ್ರಿ ನಿಮ್ಮನ್ನು ಒಳಗೆ ಬಿಡುವುದಿಲ್ಲ, ಆದರೂ ಹೊರಗೆ ಇದ್ದು ಔಷಧಿ ಚೀಟಿ, ರಕ್ತದ ರಿಪೋರ್ಟು ಅಂತ ಓಡಾಡಲು ಒಬ್ಬರು ಬೇಕೇ ಬೇಕು. ‘ಇವತ್ತೊಂದು ರಾತ್ರಿ ನಾನಿರ್ತೀನಿ, ನೀವು ಮನೆಗೆ ಹೋಗಿ ಮಲಗಿ’ ಅನ್ನಿ. ಮೊದಲ ಸಲ ಬೇಡ ಅನ್ನುತ್ತಾರೆ, ಇನ್ನೊಂದು ಸಲ ಹೇಳಿ. ಮೊಬೈಲ್ ಚಾರ್ಜರ್, ಒಂದು ದಪ್ಪ ಹೊದಿಕೆ ತೆಗೆದುಕೊಂಡು ಹೋಗಿ. ಹಾಸನದಲ್ಲಿ ಬೆಳಗಿನ ಜಾವ ಆ ಬೆಂಚುಗಳು ತುಂಬ ತಣ್ಣಗಿರುತ್ತವೆ.