ಕಾಡಂಚಿನ ಮನೆಗೆ ಬೆಂಕಿ ಬಂದಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ಹಳೆಯ ಹಂಚಿನ ಮನೆ. ಕೆಳಗಿನ ಇಳಿಜಾರಿನಲ್ಲಿ ಅಕೇಶಿಯಾ ನೆಡುತೋಪು, ಹಿಂದೆ ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು). ಬೆಂಕಿ ಗೆರೆ (ಬೆಂಕಿ ದಾಟದಂತೆ ಕಸಕಡ್ಡಿ ತೆಗೆದ ಪಟ್ಟಿ) ಎಷ್ಟು ಅಗಲ ತೆಗೆದರೆ ಮನೆ ಉಳಿದೀತು? (ಸಾಗರ ತಾಲ್ಲೂಕು)

ಗೆರೆಗಿಂತ ಮೊದಲು ಮನೆಯ ಮಾಡು (ಚಾವಣಿ) ನೋಡಿ. ಕಾಡುಬೆಂಕಿಯಲ್ಲಿ ಹೆಚ್ಚಿನ ಮನೆಗಳು ಹೊತ್ತಿಕೊಳ್ಳುವುದು ಉರಿ ತಾಗಿ ಅಲ್ಲ, ಹಾರಿಬಂದ ಕಿಡಿಯಿಂದ. ಗಾಳಿ ಜೋರಿದ್ದರೆ ಕಿಡಿ ನೂರಾರು ಮೀಟರ್ ಹಾರುತ್ತದೆ, ಅದಕ್ಕೆ ಗೆರೆ ಲೆಕ್ಕಕ್ಕೇ ಇಲ್ಲ. ಹಂಚು ಸುಡುವುದಿಲ್ಲ ನಿಜ. ಆದರೆ ಹಂಚಿನ ಸಂದಿಯಲ್ಲಿ, ಎರಡು ಮಾಡು ಕೂಡುವ ದೋಣಿಯಲ್ಲಿ ಕೂತ ದರಗು (ಒಣ ಎಲೆ) ಸುಡುತ್ತದೆ. ಅದರಿಂದ ಹಂಚು ಹೊತ್ತ ರೀಪು, ರೀಪಿನಿಂದ ಅದರಡಿಯ ಪಕಾಸು ಹೊತ್ತಿಕೊಳ್ಳುತ್ತದೆ. ಅಟ್ಟದಲ್ಲಿ ಗೋಣಿಚೀಲ, ಅಡಿಕೆ ಹಾಳೆ ಇದ್ದರಂತೂ ಹೊರಗೆ ಹೊಗೆ ಕಾಣುವಷ್ಟರಲ್ಲಿ ಕೈಮೀರಿರುತ್ತದೆ. ಜನವರಿ ಮುಗಿಯುವುದರೊಳಗೆ ದೋಣಿ ಗುಡಿಸಿ, ಒಡೆದ ಹಂಚು ಬದಲಿಸಿ, ಸೂರಿನ ಸಂದಿಗೆ 3 ಮಿ.ಮೀ. ಕಣ್ಣಿನ ಲೋಹದ ಜಾಲರಿ ಹೊಡೆಯಿರಿ. ಪ್ಲಾಸ್ಟಿಕ್ ಸೊಳ್ಳೆಪರದೆ ಬೇಡ, ಕರಗಿ ಬೀಳುತ್ತದೆ.

ಅಡಿಕೆ ಒಣಗಿಸಲು ಹಾಕಿದ ಚಪ್ಪರವನ್ನು ಮಳೆಗಾಲದವರೆಗೆ ಹಾಗೇ ಬಿಡುವುದು ವಾಡಿಕೆ. ಮಲೆನಾಡಿನ ಮನೆಗೆ ಇದಕ್ಕಿಂತ ದೊಡ್ಡ ಅಪಾಯವಿಲ್ಲ ಎಂದೇ ನಮ್ಮ ಅಭಿಪ್ರಾಯ: ಒಣ ಸೋಗೆ, ದಬ್ಬೆ ಎಲ್ಲವೂ ಸೂರಿಗೇ ತಾಗಿಕೊಂಡಿರುತ್ತವೆ. ಕೆಲಸ ಮುಗಿದ ಕೂಡಲೇ ಸೋಗೆ ಇಳಿಸಿ. ಬದಲಿಗೆ ನೆರಳು ಬಲೆ ಕಟ್ಟಿದರೂ ಅಪಾಯ ತಪ್ಪದು, ಅದು ಉರಿಯುತ್ತಲೇ ತೊಟ್ಟಿಕ್ಕುತ್ತದೆ.

ಇನ್ನು ನೆಲ. ಗೋಡೆಯಿಂದ 5 ಅಡಿ ಬರೀ ಮಣ್ಣು ಅಥವಾ ಕಲ್ಲುಹಾಸು ಇರಲಿ; ಕಟ್ಟಿಗೆ, ಪೊರಕೆ, ಕಾಲೊರಸು ಕೂಡ ಬೇಡ. 30 ಅಡಿಯೊಳಗೆ ಹುಲ್ಲಿನ ಬಣವೆ ಇಡಬೇಡಿ, ಮರಗಳ ಕೆಳಗೊಂಬೆಗಳನ್ನು ಆಳೆತ್ತರದವರೆಗೆ ಸವರಿ. 100 ಅಡಿವರೆಗೆ ದರಗು ಗುಡಿಸಿ, ಲಂಟಾನ ಬುಡಸಹಿತ ಕೀಳಿರಿ. ನಿಮ್ಮ ಮನೆಗೆ ಕೆಳಬದಿಯೇ ಶತ್ರು. ಬೆಂಕಿ ಏರು ಹತ್ತುವಾಗ ಮುಂದಿನ ತರಗೆಲೆಯನ್ನು ಮೊದಲೇ ಕಾಯಿಸುತ್ತ ಬರುತ್ತದೆ. ಇಳಿಜಾರು 10 ಡಿಗ್ರಿ ಹೆಚ್ಚಿದರೆ ವೇಗ ಸುಮಾರು ಎರಡರಷ್ಟು. ಹಾಗಾಗಿ ಆ ಬದಿ ಸ್ವಚ್ಛಮಾಡುವ ಜಾಗವನ್ನೂ ಇಮ್ಮಡಿ ಮಾಡಿ.

ಬೆಂಕಿ ಗೆರೆ 10ರಿಂದ 15 ಅಡಿ ಅಗಲ, ಮಣ್ಣು ಕಾಣುವಷ್ಟು. ಬೆಟ್ಟದ ಬದಿಯ ಗೆರೆಯಲ್ಲಿ ಒಂದಡಿ ಆಳದ ಕಾಲುವೆಯೂ ಇರಲಿ, ಉರಿಯುವ ಕೊರಡು ಉರುಳಿ ಬಂದರೆ ಅಲ್ಲೇ ನಿಲ್ಲುತ್ತದೆ. ಅಕೇಶಿಯಾ ಬೇಸಿಗೆಯುದ್ದಕ್ಕೂ ಎಲೆ ಉದುರಿಸುವುದರಿಂದ ಒಮ್ಮೆ ಗುಡಿಸಿ ಸುಮ್ಮನಿರುವಂತಿಲ್ಲ. 15 ದಿನಕ್ಕೊಮ್ಮೆ ಬ್ಲೋವರ್ ಹೊಡೆಯಿರಿ. ಗುಡಿಸಿದ ದರಗನ್ನು ಕೊಟ್ಟಿಗೆಯ ಪಕ್ಕ ರಾಶಿ ಹಾಕಿದರೆ ಗುಡಿಸಿದ ಫಲವೇ ಇಲ್ಲ.

ಪ್ರಶ್ನೆ: ಅಡಿಕೆಗೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವ ಎಚ್‌ಟಿಪಿ (ಹೆಚ್ಚು ಒತ್ತಡದ) ಪಂಪು, 200 ಲೀಟರ್ ಡ್ರಮ್ಮು ಇದೆ. ಸಾಲದೇ? (ಶಿರಸಿ ತಾಲ್ಲೂಕು)

ಪಂಪು ಸಾಕು, ನೀರು ಸಾಲದು. ನಿಮಿಷಕ್ಕೆ 20 ಲೀಟರ್ ಬಿಟ್ಟರೆ ಡ್ರಮ್ಮು 10 ನಿಮಿಷಕ್ಕೆ ಬರಿದು. ಮನೆಯ ಮಟ್ಟದಲ್ಲೇ ಕನಿಷ್ಠ 2000 ಲೀಟರ್ ಸಂಗ್ರಹ ಬೇಕು, 5000 ಇದ್ದರೆ ಧೈರ್ಯ. ಕರೆಂಟಿನ ಮೋಟಾರು ನಂಬಬೇಡಿ, ಬೆಂಕಿ ಬಂದಾಗ ಮೊದಲು ಹೋಗುವುದೇ ಲೈನು. ಪೆಟ್ರೋಲ್ ಎಂಜಿನ್ನನ್ನು ವಾರಕ್ಕೊಮ್ಮೆ ಚಾಲೂ ಮಾಡಿ ನೋಡಿ. ಬಿಸಿ ಎಂಜಿನ್ನಿಗೆ ಪೆಟ್ರೋಲ್ ಹಾಕಬೇಡಿ. ನೆಲದ ಮೇಲಿನ ಪಿವಿಸಿ ಪೈಪು ಕರಗುತ್ತದೆ, ಒಂದಡಿ ಹೂಳಿ, ಮೇಲೆ ಬರುವ ಭಾಗಕ್ಕೆ ಜಿಐ (ಕಬ್ಬಿಣದ) ಪೈಪು ಹಾಕಿ.

ಬೋರ್ಡೋದ ಸುಣ್ಣದ ಗಸಿ ನಳಿಕೆಯಲ್ಲಿ ಗಟ್ಟಿಯಾಗಿರುತ್ತದೆ. ಬೇಕಾದ ಹೊತ್ತಿಗೆ ನೀರು ಬಾರದಿರಲು ಸಾಮಾನ್ಯ ಕಾರಣ ಇದೇ. ಔಷಧಿ ಹೊಡೆದ ಕಾಲ ಮುಗಿದಾಗಲೇ ಪಂಪು, ಪೈಪು, ಜಾಲರಿ ತೊಳೆದಿಡಿ. ತೊಳೆದ ನೀರು ಬಾವಿಗೂ ದನದ ಬಾನಿಗೂ ಸೇರದಿರಲಿ, ಅದರಲ್ಲಿ ಮೈಲುತುತ್ತ ಇರುತ್ತದೆ. ಬೆಂಕಿ ಇನ್ನೂ ದೂರವಿರುವಾಗಲೇ ಹಂಚು ನೆನೆಸಬೇಡಿ, ಬಿಸಿಲಿಗೆ ನಿಮಿಷಗಳಲ್ಲಿ ಆರುತ್ತದೆ. ಕಿಡಿ ಬೀಳತೊಡಗಿದ ಮೇಲೆ ಸೂರಂಚು, ಮರದ ಬಾಗಿಲು, ಕೊಟ್ಟಿಗೆಗೆ ಹೊಡೆಯಿರಿ.

ಪ್ರಶ್ನೆ: ಬರುವ ಬೆಂಕಿಯ ಮುಂದಿನ ದರಗನ್ನು ನಾವೇ ಮೊದಲು ಸುಟ್ಟು, ಎದುರು ಬೆಂಕಿ ಕೊಡಬಹುದೇ? (ಮೂಡಿಗೆರೆ)

ಬೇಡ. ಗಾಳಿ ತಿರುಗಿದರೆ ಎರಡು ಬೆಂಕಿಯ ನಡುವೆ ನೀವೇ ಸಿಕ್ಕಿಕೊಳ್ಳುತ್ತೀರಿ. ಮೀಸಲು ಅರಣ್ಯಕ್ಕೆ ಹಬ್ಬಿದರೆ 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಮೊಕದ್ದಮೆಯೂ ಆಗುತ್ತದೆ. ಆ ಕೆಲಸ ಅರಣ್ಯ ಸಿಬ್ಬಂದಿಗೆ ಬಿಡಿ.

ಪ್ರಶ್ನೆ: ವಯಸ್ಸಾದವರೂ ನಾಲ್ಕು ದನಗಳೂ ಇವೆ. ಯಾವಾಗ ಹೊರಡಬೇಕು? (ಎಚ್.ಡಿ. ಕೋಟೆ ತಾಲ್ಲೂಕು)

ಹೊಗೆ ನಿಮ್ಮ ಕಡೆ ಬಾಗಿದಾಗಲೇ, ಉರಿ ಕಾಣುವವರೆಗೆ ಕಾಯದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಬೆಂಕಿ ಆರಿಸಲು ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಸುರಿಯಬೇಕಾಯಿತು. ಒಣ ಲಂಟಾನಕ್ಕೆ ಹತ್ತಿದ ಉರಿ ಹಸಿಸೊಪ್ಪಿನಿಂದ ಬಡಿದರೆ ಬಗ್ಗುವಂಥದ್ದಲ್ಲ. ವೃದ್ಧರು, ಮಕ್ಕಳು, ಉಬ್ಬಸ ಇರುವವರು ಮೊದಲು ಹೋಗಲಿ. 112ಕ್ಕೆ ಕರೆ ಮಾಡಿ, ಅರಣ್ಯ ಕಚೇರಿಗೂ ತಿಳಿಸಿ. ದನಗಳನ್ನು ಉತ್ತ ಗದ್ದೆಗೋ ಮೇಯಿಸಿ ಬರಿದಾದ ಬಯಲಿಗೋ ಹೊಡೆದು, ಹಗ್ಗ ಬಿಚ್ಚಿಬಿಡಿ. ಎದ್ದುನಿಂತ ಕೂಳೆ ಇರುವ ಗದ್ದೆ ಬೇಡ, ಅದು ಹುಲ್ಲಿನಷ್ಟೇ ಬೇಗ ಉರಿಯುತ್ತದೆ. ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಬಿಚ್ಚಿ, ಮುಚ್ಚಳ ಹಾಕಿ, ಕಟ್ಟಿಗೆಯಿಂದ ದೂರದ ಬಯಲಿನಲ್ಲಿಡಿ. ಕಿಟಕಿ, ಬಾಗಿಲು ಮುಚ್ಚಿ, ಬೀಗ ಹಾಕದೆ ಹೊರಡಿ.

ಉಳಿದು ಕಾಯುವವರು ಇಬ್ಬರಿಗಿಂತ ಕಡಿಮೆ ಇರಬಾರದು. ದಪ್ಪ ಹತ್ತಿಯ ತುಂಬುತೋಳಿನ ಅಂಗಿ, ಪ್ಯಾಂಟು, ಚರ್ಮದ ಬೂಟು ಇರಲಿ. ಟೆರಿಲಿನ್ ಬಟ್ಟೆ ಮೈಗೆ ಅಂಟಿ ಸುಡುತ್ತದೆ.

ಪ್ರಶ್ನೆ: ಉರಿ ದಾಟಿಹೋದ ಮೇಲೆ ಎಷ್ಟು ಹೊತ್ತು ಕಾಯಬೇಕು? (ತೀರ್ಥಹಳ್ಳಿ ತಾಲ್ಲೂಕು)

ಮೊದಲ ಗಂಟೆಯಲ್ಲಿ 10 ನಿಮಿಷಕ್ಕೊಮ್ಮೆ ಸುತ್ತು ಹಾಕಿ ಅಟ್ಟ, ದೋಣಿ, ಕೊಟ್ಟಿಗೆಯ ಮಾಡು, ಕಟ್ಟಿಗೆ ರಾಶಿ ನೋಡಿ. ಆಮೇಲೆ ಒಂದು ರಾತ್ರಿಯಿಡೀ ಸರದಿ ಮೇಲೆ ಎಚ್ಚರವಿರಿ; ಕತ್ತಲಲ್ಲಿ ಕೆಂಡ ಚೆನ್ನಾಗಿ ಕಾಣುತ್ತದೆ. ಒಣ ಬೊಡ್ಡೆ, ಗೊಬ್ಬರಗುಂಡಿ ಒಳಗೊಳಗೇ ದಿನಗಟ್ಟಲೆ ಹೊಗೆಯಾಡುತ್ತವೆ. ಮೇಲಿಂದ ನೀರು ಸುರಿದರೆ ಪ್ರಯೋಜನವಿಲ್ಲ, ಗುದ್ದಲಿಯಿಂದ ಬಗೆದು ಪದರ ಪದರವಾಗಿ ಹರಡಿ, ಪ್ರತಿ ಪದರವನ್ನೂ ನೆನೆಸಿ.